ಏಳನೇ ತಾಕಿನ ಪ್ರಾಣಿ

ಕೃಷಿ ವಿಶ್ವವಿದ್ಯಾಲಯದವರು ಹಿತ್ತಲ ಬಾಗಿಲಿಗೆ ಬಂದಾಗ ಸಲೂನಿನ ಯಜಮಾನರು ಒಂದು ಹಳೆಯ ತಿರುಗುವ ಕುರ್ಚಿಯ ಮೇಲೆ ಕೂತು, ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿಕೊಳ್ಳುತ್ತ, ಏನೂ ಮಾಡದೆ ಇದ್ದರು. ಅದೇ ಕೆಲಸವನ್ನು ಅವರು ಮುಂದಿನ ನಾಲ್ಕು ತಿಂಗಳೂ ಮುಂದುವರಿಸಿದ್ದರೆ ಹೇಳುವುದಕ್ಕೆ ಕಥೆಯೇ ಇರುತ್ತಿರಲಿಲ್ಲ. ಏಕೆಂದರೆ ವಿಶ್ವವಿದ್ಯಾಲಯ ಅವರಿಂದ ಬಯಸಿದ್ದೂ ಅಷ್ಟನ್ನೇ.

ಬಂದವರು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಕಾಲಲ್ಲಿ ಮಣ್ಣು ಮೆತ್ತಿದ ಬೂಟು, ಸೊಂಟದಲ್ಲಿ ತೂಗುವ ಅಳತೆ ಟೇಪು. ಸಿಕ್ಕಿದ್ದನ್ನೆಲ್ಲ ಅಳೆಯುವ ಈ ಅಭ್ಯಾಸದಿಂದ ವಾರದೊಳಗೆ ಇಡೀ ಬೀದಿಗೆ ಅವರು ಟೇಪು ಮೇಡಂ ಆದರು. ಅವರ ಪ್ರೊಫೆಸರರು ಮಣ್ಣಿಗೆ ಬಲ ಕೊಡುವ ಒಂದು ಕಂದು ಪುಡಿಯನ್ನು ಕಂಡುಹಿಡಿದಿದ್ದರು. ಅದು ಮನೆಗಳ ಹಿತ್ತಲಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಿತ್ತು. ಕೆಲವರ ಹಿತ್ತಲ ತುಂಡಿಗೆ, ಅಂದರೆ ಅವರ ಮಾತಲ್ಲಿ ತಾಕಿಗೆ, ಪುಡಿ ಹಾಕಿ ಟೊಮೇಟೊ ಬೆಳೆಸುವುದು. ಕೆಲವರದಕ್ಕೆ ಹಾಕದೆ ಬೆಳೆಸುವುದು. ಕೊನೆಗೆ ಎರಡನ್ನೂ ಹೋಲಿಸುವುದು. ಯಾರಿಗೆ ಯಾವುದು ಎಂದು ಚೀಟಿ ಎತ್ತಿದ್ದರು. ಗೋಡೆಯಾಚೆಯ ಮನೆಗೆ ಪುಡಿ ಬಂದಿತ್ತು. ಯಜಮಾನರಿಗೆ ಬಂದಿರಲಿಲ್ಲ.

"ನಿಮ್ಮದು ಹೋಲಿಕೆ ತಾಕು, ಯಜಮಾನ್ರೇ. ನೀರು ನಾವು ಹೇಳಿದಷ್ಟು. ಅದು ಬಿಟ್ಟು ಏನೂ ಹಾಕಬಾರದು. ಗೊಬ್ಬರ ಬೇಡ, ಬೂದಿ ಬೇಡ, ತರಕಾರಿ ಸಿಪ್ಪೆ ಬೇಡ."

"ಮತ್ತೆ ನಾನು ಮಾಡೋದೇನು?"

"ಸುಮ್ಮನಿರೋದು. ನಿಜ ಹೇಳ್ಬೇಕಂದ್ರೆ ಇಡೀ ಪ್ರಯೋಗದಲ್ಲಿ ಇದೇ ಕಷ್ಟದ ಕೆಲಸ. ಇಂಥ ತಾಕು ಕೆಟ್ಟರೆ ನನ್ನ ಮೂರು ವರ್ಷದ ದುಡಿಮೆ ಮಣ್ಣುಪಾಲು."

ಇಷ್ಟೂ ಮಾತಿನಲ್ಲಿ ಯಜಮಾನರ ಕಿವಿಯೊಳಗೆ ಇಳಿದದ್ದು 'ಇದೇ ಕಷ್ಟದ ಕೆಲಸ' ಎನ್ನುವುದೊಂದೇ. ಹೆಸರು, ವಿಳಾಸ ಬರೆದುಕೊಂಡು ಉದ್ಯೋಗವೇನು ಎಂದು ಕೇಳಿದಾಗ ಅವರು ಬೆನ್ನು ನೆಟ್ಟಗೆ ಮಾಡಿ "ಸ್ವಂತ ಸಂಸ್ಥೆ" ಎಂದರು. ಎರಡು ಕುರ್ಚಿ, ಮೂರು ಕನ್ನಡಿ, ನಾಲ್ಕು ಬಾಚಣಿಗೆಯ ಆ ಸಂಸ್ಥೆ ಬೀದಿಯ ಆಚೆ ತುದಿಯಲ್ಲಿತ್ತಾದ್ದರಿಂದ ಮೇಡಂಗೆ ಕಾಣಲಿಲ್ಲ.

ಮರುದಿನ ಬೆಳಗ್ಗೆ ಸಂಸ್ಥೆಯಲ್ಲಿ ವಿಷಯ ಪ್ರಕಟವಾಯಿತು. ಮುಖದ ತುಂಬ ನೊರೆ ಇರುವವರು ವಾದ ಮಾಡುವುದಿಲ್ಲ. ಯಜಮಾನರು ತಮ್ಮ ಮುಖ್ಯ ಅಭಿಪ್ರಾಯಗಳನ್ನೆಲ್ಲ ಆ ಹೊತ್ತಿಗೇ ಕಾದಿಡುತ್ತಿದ್ದರು.

"ಪುಡಿ ಹಾಕಿ ಯಾರು ಬೇಕಾದ್ರೂ ಬೆಳೀತಾರೆ. ಅದನ್ನ ನಮ್ಮ ಭಾವನಿಗೆ ಕೊಟ್ಟಿದಾರೆ. ಏನೂ ಹಾಕದೆ ಬೆಳೆಯೋದಕ್ಕೆ ಒಂದು ಯೋಗ್ಯತೆ ಬೇಕು. ಅದಕ್ಕೇ ನನ್ನ ಹುಡುಕಿಕೊಂಡು ಬಂದ್ರು."

ನೊರೆಯೊಳಗಿಂದ "ಊಂ" ಎಂಬ ಒಪ್ಪಿಗೆ ಬಂತು. ಸಂಜೆಯ ಹೊತ್ತಿಗೆ ಬೀದಿ ಅವರಿಗೆ 'ವಿಜ್ಞಾನಿ' ಎಂದು ಹೆಸರಿಟ್ಟಿತು. ಇಟ್ಟವರು ಅರ್ಧ ತಮಾಷೆಗೆ ಇಟ್ಟಿದ್ದರು, ಇವರು ಪೂರ್ತಿ ಸ್ವೀಕರಿಸಿದರು. ವಿಶ್ವವಿದ್ಯಾಲಯದವರು ನೆಟ್ಟುಹೋದ ತಗಡಿನ ಫಲಕದಲ್ಲಿ ಮೂರು ಸಾಲು ಇದ್ದವು: ತಾಕು ಏಳು. ಹೋಲಿಕೆ. ಏನನ್ನೂ ಹಾಕಬಾರದು. ಮೂರನೇ ಸಾಲಿನ ಎದುರಿಗೆ ಯಜಮಾನರು ಒಂದು ಹೂವಿನ ಕುಂಡ ತಂದಿಟ್ಟರು. ಕುಂಡ ತಾಕಿನ ಹೊರಗಿತ್ತು, ಆದ್ದರಿಂದ ನಿಯಮ ಮೀರಿದ ಹಾಗಾಗಲಿಲ್ಲ.

ಗೋಡೆಯಾಚೆಯ ಭಾವ ಎಂದರೆ ಯಜಮಾನರ ಹೆಂಡತಿಯ ಅಣ್ಣ. ವಿದ್ಯುತ್ ಕಚೇರಿಯಲ್ಲಿ ಮೀಟರು ಓದುವ ಕೆಲಸದಿಂದ ನಿವೃತ್ತರಾದವರು. ಈಗಲೂ ಯಾರು ಎದುರಿಗೆ ಬಂದರೂ ಅವರ ಹಣೆಯ ಮೇಲೆ ಏನೋ ತಿರುಗುತ್ತಿರುವ ಹಾಗೆ ದಿಟ್ಟಿಸಿ, ಏನೋ ಜಾಸ್ತಿ ಬಂದಿದೆ ಎನ್ನುವ ಮುಖ ಮಾಡುತ್ತಿದ್ದರು. ಈ ವಯಸ್ಸಿನಲ್ಲೂ ಅವರ ತಲೆಗೂದಲು ಕಾಡಿಗೆಯಂತೆ ಕಪ್ಪು. "ಇದು ಮನೆತನದ ರಕ್ತ ಕಣಯ್ಯ" ಎಂದು ಕೇಳದವರಿಗೂ ಹೇಳುತ್ತಿದ್ದರು. ತಿಂಗಳಿಗೊಮ್ಮೆ ಅರ್ಧ ಬಾಗಿಲು ಎಳೆದ ಸಲೂನಿನಲ್ಲಿ ಆ ರಕ್ತವನ್ನು ಬಟ್ಟಲಲ್ಲಿ ಕಲಸಿ ಬ್ರಷ್ಷಿನಿಂದ ಹಚ್ಚುತ್ತಿದ್ದವರು ಯಜಮಾನರೇ. ಆದರೆ ವೃತ್ತಿಧರ್ಮ ದೊಡ್ಡದು; ಹೆಂಡತಿಗೂ ಹೇಳಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಭಾವನ ಟೊಮೇಟೊ ಗಿಡಗಳು ಗೋಡೆಯ ಮೇಲಿಂದ ಇಣುಕತೊಡಗಿದವು. ಅವುಗಳ ಪಕ್ಕದಲ್ಲೇ ಭಾವನೂ ಇಣುಕುತ್ತಿದ್ದರು.

"ಏನ್ ವಿಜ್ಞಾನಿಗಳೇ, ಟೊಮೇಟೊ ಹಾಕಿದೀರೋ, ಇಲ್ಲ ಹಲ್ಲುಕಡ್ಡಿ ಬೆಳೀತಿದೀರೋ?"

"ಇದು ಹೀಗೇ ಇರ್ಬೇಕು ಭಾವ. ಇದು ಹೋಲಿಕೆ."

"ಯಾವುದಕ್ಕೆ ಹೋಲಿಕೆ? ನಿನಗಾ?"

ಇದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಸಲೂನಿಗೆ ಬಂದವರು ಕುರ್ಚಿ ಹತ್ತುವ ಮೊದಲೇ "ಗಿಡ ಹೇಗಿದೆ?" ಎಂದು ಕೇಳತೊಡಗಿದರು, ಆಸ್ಪತ್ರೆಯಲ್ಲಿರುವವರನ್ನು ವಿಚಾರಿಸುವ ದನಿಯಲ್ಲಿ. ಬೇಕರಿಯವನಂತೂ ಒಂದು ದಿನ ಗಿಡಗಳನ್ನು ಕಣ್ಣಾರೆ ನೋಡಿ, ಯಜಮಾನರ ಭುಜ ತಟ್ಟಿ ಹೋದ. ಭುಜ ತಟ್ಟಿದ್ದರಿಂದ ಅವರಿಗೆ ತುಂಬಾ ನೋವಾಯಿತು.

ಅದೇ ವಾರ ನಿವೃತ್ತ ಮೇಷ್ಟ್ರೊಬ್ಬರು ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತ, "ಕೂದಲು ಒಳ್ಳೇ ಗೊಬ್ಬರ ಅಂತೆ ಕಣ್ರೀ. ನಿಧಾನವಾಗಿ ಮಣ್ಣಿಗೆ ಸತ್ವ ಬಿಡುತ್ತಂತೆ. ನೀವು ದಿನಾ ಕಸಕ್ಕೆ ಹಾಕ್ತೀರಿ" ಎಂದರು. ಯಜಮಾನರ ಕತ್ತರಿ ಗಾಳಿಯಲ್ಲೇ ನಿಂತಿತು.

ಅವರು ನಿಯಮ ಮುರಿಯುವ ಜನವಲ್ಲ. ಮೊದಲು ನಿಯಮವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು. ಟೇಪು ಮೇಡಂ ಗೊಬ್ಬರ ಬೇಡ ಎಂದಿದ್ದರು, ಬೂದಿ ಬೇಡ ಎಂದಿದ್ದರು, ಸಿಪ್ಪೆ ಬೇಡ ಎಂದಿದ್ದರು. ಕೂದಲಿನ ಮಾತೇ ಎತ್ತಿರಲಿಲ್ಲ. ಅದೂ ಅಲ್ಲದೆ ಕೂದಲನ್ನು ಯಾರೂ ಹಾಕುವುದಿಲ್ಲ, ಅದು ತಾನಾಗಿ ಉದುರುತ್ತದೆ. ಸಲೂನಿನಲ್ಲಿ ಒಮ್ಮೆ ಉದುರಿದ್ದು ಹಿತ್ತಲಲ್ಲಿ ಇನ್ನೊಮ್ಮೆ ಉದುರಿದರೆ ಅದರಲ್ಲಿ ಮನುಷ್ಯನ ಕೈವಾಡವೇನು? ಹೀಗೆ ಮನಸ್ಸನ್ನು ಹಗುರ ಮಾಡಿಕೊಂಡು, ಅಂದಿನ ಗುಡಿಸಿದ ಕೂದಲನ್ನು ಒಂದು ಗೋಣಿಚೀಲಕ್ಕೆ ತುಂಬಿಸಿದರು.

ಅವತ್ತಿನಿಂದ ಬೆಳಕು ಹರಿಯುವ ಹೊತ್ತಿಗೆ ಅವರು ಹಿತ್ತಲಲ್ಲಿ ಹಾಜರು. ಚಳಿಗೂ ಆಯಿತು, ಭಾವನ ಕಣ್ಣಿಗೂ ಆಯಿತು ಎಂದು ತಲೆಯ ಮೇಲಿಂದ ಕಂಬಳಿ ಹೊದ್ದು, ಚೀಲವನ್ನು ಹಿಂದೆ ಎಳೆದುಕೊಂಡು, ಕುಕ್ಕರಗಾಲಲ್ಲಿ ಗಿಡದಿಂದ ಗಿಡಕ್ಕೆ ಸರಿಯುತ್ತ ಬೀದಿಯ ಕೂದಲನ್ನು ಬೀದಿಯ ಮಣ್ಣಿಗೆ ಸೇರಿಸುತ್ತಿದ್ದರು. ಕೂದಲು ನಿಧಾನ ಎಂದು ಮೇಷ್ಟ್ರು ಹೇಳಿದ್ದರು, ನಿಜ. ಆದರೆ ಯಜಮಾನರ ಹತ್ತಿರ ಸರಕಿಗೆ ಕೊರತೆಯಿರಲಿಲ್ಲ. ಸಾಲದ್ದಕ್ಕೆ ಮೇಡಂ ಹೇಳಿದ ನೀರಿನ ಅಳತೆಯನ್ನೂ ಕೈ ಸಡಿಲಿಸಿ ಸುರಿದರು; ನೀರಿಗೆ ಹೇಗೂ ಒಪ್ಪಿಗೆ ಇತ್ತಲ್ಲ.

ಹಲ್ಲುಕಡ್ಡಿಗಳು ಕೋಲಾದವು. ಕೋಲುಗಳಿಗೆ ಕೈಕಾಲು ಬಂದವು. ಹೂವು ಬಿಟ್ಟಿತು, ಕಾಯಿ ಕಚ್ಚಿತು. ಒಂದು ದಿನ ಭಾವ ಇಣುಕಿ ನೋಡಿ, ತಲೆ ಒಳಗೆ ಎಳೆದುಕೊಂಡರು. ಮದುವೆಯಾದಾಗಿನಿಂದ ಯಜಮಾನರು ಇಷ್ಟು ಸುಖವಾಗಿ ಕಾಫಿ ಕುಡಿದದ್ದು ಅದೇ ಮೊದಲು.

ಟೇಪು ಮೇಡಂ ಬಂದು ಅಳೆದರು. ಅಳೆದದ್ದನ್ನು ಅಳಿಸಿ ಮತ್ತೆ ಅಳೆದರು. ಟೇಪನ್ನೇ ಇನ್ನೊಂದು ಟೇಪಿನಿಂದ ಅಳೆದರು.

"ಯಜಮಾನ್ರೇ, ಏನಾದ್ರೂ ಹಾಕಿದ್ರಾ?"

"ಒಂದು ಚಮಚ ಗೊಬ್ಬರ ಹಾಕಿದ್ರೆ ಕೇಳಿ. ಬೂದಿ ಹಾಕಿದ್ರೆ ಕೇಳಿ. ಸಿಪ್ಪೆ ಹಾಕಿದ್ರೆ ಕೇಳಿ."

ಮೂರೂ ನಿಜವಾಗಿದ್ದರಿಂದ ಯಜಮಾನರ ದನಿಯಲ್ಲಿ ಸತ್ಯದ ತೂಕವಿತ್ತು. ಮೇಡಂ ಬೆರಳ ನಡುವೆ ಎಲೆಯೊಂದನ್ನು ತಿರುಗಿಸುತ್ತ ಹೊರಟುಹೋದರು.

ಮಾರನೆಯ ದಿನ ಪ್ರೊಫೆಸರರೇ ಬಂದರು. ಒಂದು ದಿನವೂ ತರಗತಿಗೆ ಬಾರದೆ ಮೊದಲ ದರ್ಜೆಯಲ್ಲಿ ಪಾಸಾದ ವಿದ್ಯಾರ್ಥಿಯನ್ನು ನೋಡುವ ಹಾಗೆ ಏಳನೇ ತಾಕನ್ನು ನೋಡಿ, ಮಣ್ಣು ತುಂಬಿಸಿಕೊಂಡು ಹೋದರು. ಪ್ರಯೋಗಾಲಯದ ಜರಡಿಯಲ್ಲಿ ಮಣ್ಣು ಕೆಳಗಿಳಿಯಿತು, ಮೇಲೆ ಕೂದಲ ಗಂಟು ಉಳಿಯಿತು.

ಗಂಟನ್ನು ವನ್ಯಜೀವಿ ವಿಭಾಗಕ್ಕೆ ಕಳಿಸಿದರು. ಅಲ್ಲಿ ಪ್ರಾಣಿಗಳ ವಿಷಯ ಬಲ್ಲವರು ರಜೆಯಲ್ಲಿದ್ದರು. ಇದ್ದವರು ಹಕ್ಕಿಗಳ ಪಾಠ ಹೇಳುವ ಹಕ್ಕಿ ಮೇಷ್ಟ್ರು. ಗರಿಯ ವಿಷಯದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕೂದಲಿನ ಪರಿಚಯ ಮಾತ್ರ ಅವರಿಗೆ ತಪ್ಪಿ ಬಹಳ ವರ್ಷಗಳಾಗಿದ್ದವು; ತಲೆ ನೋಡಿದವರಿಗೆ ಅದು ತಿಳಿಯುತ್ತಿತ್ತು. ಯಾರೂ ತಮ್ಮನ್ನು ಏನೂ ಕೇಳದೆ ಬೇಸತ್ತಿದ್ದ ಅವರು ಸೂಕ್ಷ್ಮದರ್ಶಕದ ಮುಂದೆ ಒಂದು ಮಧ್ಯಾಹ್ನ ಪೂರ್ತಿ ಕೂತರು.

"ಕಪ್ಪು, ಬಿಳಿ, ತಾಮ್ರದ ಬಣ್ಣ. ಒಂದು ಕಡೆ ಗುಂಗುರು, ಒಂದು ಕಡೆ ನೇರ. ಅದ್ಭುತವಾದ ಮೈ. ತುದಿಗಳು ನೋಡಿ, ಕತ್ತರಿಸಿದ ಹಾಗಿವೆ. ತನ್ನ ರೋಮ ತಾನೇ ಕಡಿದುಕೊಳ್ಳುತ್ತೆ. ಹಲ್ಲು ಬಹಳ ಹರಿತ."

"ಸರ್, ಮನುಷ್ಯರ ಕೂದಲಿರಬಹುದಾ?" ಎಂದರು ಟೇಪು ಮೇಡಂ.

"ಇಷ್ಟು ಥರದ ಕೂದಲು ಅಂದ್ರೆ ಐವತ್ತು ಜನ ಆದ್ರೂ ಬೇಕಮ್ಮ. ಐವತ್ತು ಜನ ಬಂದು ಒಬ್ಬರ ಟೊಮೇಟೊ ಗಿಡದ ಬುಡದಲ್ಲಿ ಯಾಕೆ ತಲೆ ಕೊಡವಿಕೊಳ್ತಾರೆ?"

ಮೇಡಂ ತಮ್ಮ ಪುಸ್ತಕ ತೆಗೆದು ಏಳನೇ ತಾಕಿನವರ ಉದ್ಯೋಗ ನೋಡಿದರು. 'ಸ್ವಂತ ಸಂಸ್ಥೆ' ಎಂಬುದರಿಂದ ಯಾರಿಗೂ ಏನೂ ಹೊಳೆಯುವ ಹಾಗಿರಲಿಲ್ಲ. ಸಂಜೆಗೆ ಬೀದಿಯ ಕಂಬದ ಮೇಲೆ ಪ್ರಕಟಣೆ ಬಂತು: ಗುರುತು ಸಿಗದ ಪ್ರಾಣಿಯೊಂದು ಈ ಭಾಗದ ಹಿತ್ತಲುಗಳಿಗೆ ಬರುತ್ತಿರುವಂತಿದೆ. ಕಂಡವರು ತಿಳಿಸುವುದು.

ಕಂಬದ ಮೇಲೆ ಬಂದದ್ದೇ ತಡ, ಎಲ್ಲರಿಗೂ ಕಂಡಿತು. ಬೇಕರಿಯವನಿಗೆ ನಾಯಿಯಷ್ಟು ಎತ್ತರ ಕಂಡರೆ, ಮೂಲೆಮನೆಯ ಅಜ್ಜಿಗೆ ಕರುವಿನಷ್ಟು ಕಂಡಿತು. ಅಜ್ಜಿಯ ಒಂದು ಕೋಳಿ ಹೋದ ವರ್ಷ ಕಳೆದಿತ್ತು; ಅದರ ಲೆಕ್ಕವೂ ಈಗ ಚುಕ್ತಾ ಆಯಿತು. ಸಲೂನಿನಲ್ಲಿ ಬೇರೆ ಮಾತೇ ಇಲ್ಲ.

"ಮೂರು ಬಣ್ಣ ಅಂತೆ ವಿಜ್ಞಾನಿಗಳೇ. ಕತ್ತರಿಯಂಥ ಹಲ್ಲಂತೆ. ನಿಮ್ಮ ಹಿತ್ತಲಿಗೇ ಬರೋದಂತೆ."

ಯಜಮಾನರು ಕತ್ತರಿ ಕೆಳಗಿಟ್ಟು ಬಾಗಿಲ ಕಡೆ ಒಮ್ಮೆ ನೋಡಿದರು. ಓದುಗರಿಗೆ ಆಶ್ಚರ್ಯವಾಗಬಹುದು, ಆದರೆ ಬೀದಿಯಲ್ಲಿ ಆ ಪ್ರಾಣಿಗೆ ಎಲ್ಲರಿಗಿಂತ ಹೆಚ್ಚು ಹೆದರಿದವರು ಅವರೇ. ವಿಶ್ವವಿದ್ಯಾಲಯವೇ ಇದೆ ಎಂದ ಮೇಲೆ ಪ್ರಾಣಿ ಇರಲೇಬೇಕು.

"ನಾನು ದಿನಾ ಬೆಳಗಿನ ಜಾವ ಅಲ್ಲೇ ಇರ್ತೀನಿ ಕಣೇ. ಒಂದು ಸಲವೂ ಎದುರಿಗೆ ಬಂದಿಲ್ಲ" ಎಂದರು ಹೆಂಡತಿಯ ಹತ್ತಿರ.

"ನಿಮ್ಮ ಅವತಾರ ನೋಡಿ ಅದೇ ಹೆದರಿ ಓಡಿರ್ಬೇಕು. ಸುಮ್ಮನೆ ಮಲಗಿ."

ಹೇಗೆ ಮಲಗುವುದು? ಕಾಯಿ ಹಣ್ಣಾಗುವ ಹೊತ್ತು. ಭಾವನ ಮೇಲೆ ಗೆಲುವು ಇನ್ನೊಂದು ಬೊಗಸೆ ಕೂದಲಿನ ದೂರದಲ್ಲಿದೆ. ಯಜಮಾನರು ಕಂಬಳಿ ಹೊದ್ದ ತಲೆಯ ಮೇಲೆ ರಕ್ಷಣೆಗೆಂದು ಹಾಲಿನ ಪಾತ್ರೆಯನ್ನು ಬೋರಲು ಹಾಕಿಕೊಂಡು, ಕೈಯಲ್ಲೊಂದು ಕೋಲು ಹಿಡಿದು, ಎಂದಿನಂತೆ ಚೀಲ ಎಳೆದುಕೊಂಡು ಕೆಲಸಕ್ಕೆ ಇಳಿದರು.

ಅಷ್ಟರಲ್ಲಿ ಹಕ್ಕಿ ಮೇಷ್ಟ್ರು ಭಾವನ ಕಡೆಯ ಗೋಡೆಗೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಕಟ್ಟಿಹೋಗಿದ್ದರು. ಸುದ್ದಿ ಹೊರಬಿದ್ದರೆ ಜನ ನೋಡಲು ಮುತ್ತಿಕೊಂಡು ಪ್ರಾಣಿ ಬೆದರುತ್ತದೆ, ಯಾರಿಗೂ ಹೇಳಬೇಡಿ ಎಂದಿದ್ದರು. ಭಾವ ತಮ್ಮ ಜೀವಮಾನದಲ್ಲಿ ಗುಟ್ಟು ಕಾಪಾಡಿದ್ದು ಅದೊಂದೇ ಸಲ.

ಶಾಲೆಯ ಸಭಾಂಗಣದಲ್ಲಿ ಪ್ರಯೋಗದ ಫಲಿತಾಂಶ ಹೇಳುವ ಸಭೆ. ಜನ ಬಂದದ್ದು ಪ್ರಾಣಿಗಾಗಿ. ಮೊದಲು ಪ್ರೊಫೆಸರರು ಪುಡಿಯ ಬಗ್ಗೆ ಮಾತಾಡಿದರು. ಎಲ್ಲ ಬೀದಿಗಳಲ್ಲೂ ಪುಡಿ ಹಾಕಿದ ತಾಕು ಗೆದ್ದಿದೆ. ಏಳನೇ ತಾಕೊಂದು ಮಾತ್ರ ಇಡೀ ಸರಾಸರಿಯನ್ನು ಅಡಿಮೇಲು ಮಾಡಿದೆ.

"ಹಾಗಾದ್ರೆ ಅದೊಂದನ್ನ ಬಿಟ್ಟುಬಿಡಿ ಸಾರ್" ಎಂದ ಬೇಕರಿಯವನು.

"ಹಾಗೆ ಬಿಡೋ ಹಾಗಿಲ್ಲ. ನಮಗೆ ಬೇಕಾದ್ದನ್ನ ಇಟ್ಕೊಂಡು ಬೇಡದ್ದನ್ನ ಬಿಟ್ಟರೆ ಅದಕ್ಕೆ ಸಂಶೋಧನೆ ಅನ್ನಲ್ಲ. ಬಿಡಬೇಕಾದ್ರೆ ಖಚಿತವಾದ ಕಾರಣ ಬೇಕು. ಪ್ರಾಣಿ ಯಾವುದು, ಏನು ಮಾಡ್ತು ಅಂತ ಗೊತ್ತಾಗೋವರೆಗೂ ಈಕೆಯ ಪ್ರಬಂಧ ನಿಲ್ಲಿಸ್ತೀವಿ. ಇನ್ನೊಂದು ಬೆಳೆ ತೆಗೀಬೇಕಾಗುತ್ತೆ. ಈಕೆಗೆ ಕೊಟ್ಟ ಅವಧಿ ಈ ತಿಂಗಳಿಗೆ ಮುಗಿಯುತ್ತೆ." ಅವರು ಕನ್ನಡಕ ಒರೆಸಿಕೊಂಡರು. "ಅವಧಿ ಮುಗಿದ ಮೇಲೆ ಪದವಿ ಇಲ್ಲ. ನನಗೂ ಬೇಜಾರೇ."

ಮುಂದಿನ ಸಾಲಿನಲ್ಲಿ ಟೇಪು ಮೇಡಂ ಟೇಪನ್ನು ಒಂದಿಷ್ಟು ಎಳೆಯುವುದು, ಬಿಡುವುದು, ಎಳೆಯುವುದು, ಬಿಡುವುದು ಮಾಡುತ್ತ ಕೂತಿದ್ದರು. ಏನನ್ನೂ ಅಳೆಯುತ್ತಿರಲಿಲ್ಲ.

ಆಮೇಲೆ ಹಕ್ಕಿ ಮೇಷ್ಟ್ರು ಎದ್ದು ದೀಪ ಆರಿಸಿದರು. ಪರದೆಯ ಮೇಲೆ ಮಂಜಿನ ನಡುವೆ ಒಂದು ಆಕೃತಿ ಮೂಡಿತು. ಡೊಂಕು ಬೆನ್ನು. ಮೈತುಂಬ ದಟ್ಟ ರೋಮ. ಹಿಂದೆ ದಪ್ಪಗೆ ನೆಲಕ್ಕೆ ಬಿದ್ದ ಬಾಲ. ಹಿಂದಿನ ಸಾಲಿನವರು ನೋಡಲು ಎದ್ದು ನಿಂತರು. ಅಜ್ಜಿ "ಇದೇ, ಇದೇ" ಎಂದರು.

"ತಲೆಯ ಮೇಲೆ ಹೊಳೆಯೋ ಭಾಗ ಗಮನಿಸಿ" ಎಂದರು ಹಕ್ಕಿ ಮೇಷ್ಟ್ರು, ಪರದೆಯ ಹತ್ತಿರ ಹೋಗಿ. "ಸಂಗಾತಿಯನ್ನ ಸೆಳೆಯೋದಕ್ಕೆ ಇರಬೇಕು."

ಯಜಮಾನರ ಹೆಂಡತಿ ಗಂಡನ ಕಿವಿಗೆ ಬಗ್ಗಿ ಮೆಲ್ಲಗೆ, "ರೀ, ಅದು ನಮ್ಮ ಹಾಲಿನ ಪಾತ್ರೆ" ಎಂದರು.

ಯಜಮಾನರಿಗೆ ಒಂದು ಸಲಕ್ಕೆ ಒಂದು ವಿಷಯ ಅರ್ಥವಾಗುವುದೇ ಅಪರೂಪ. ಅವತ್ತು ಎರಡು ಒಟ್ಟಿಗೆ ಅರ್ಥವಾದವು. ತಾವು ಇಷ್ಟು ದಿನ ಹೆದರಿದ್ದು ಯಾರಿಗೆ ಎಂಬುದು ಒಂದು. ಎದುರಿಗೆ ಎಳೆದು ಬಿಡುತ್ತಿದ್ದ ಆ ಟೇಪು ಯಾರಿಂದಾಗಿ ಅಳತೆ ಬಿಟ್ಟು ಕೂತಿದೆ ಎಂಬುದು ಇನ್ನೊಂದು. ಬಾಯಿ ಮುಚ್ಚಿಕೊಂಡಿದ್ದರೆ ವಿಜ್ಞಾನಿ ಎಂಬ ಹೆಸರು ಉಳಿಯುತ್ತಿತ್ತು. ಪಕ್ಕದಲ್ಲಿ ಹೆಂಡತಿ, ಹಿಂದಿನ ಸಾಲಿನಲ್ಲಿ ಭಾವ, ಸುತ್ತ ತಮ್ಮ ಗಿರಾಕಿಗಳೆಲ್ಲ. ಅವರು ಎದ್ದು ನಿಂತರು.

"ಸಾರ್, ಆ ಪ್ರಾಣಿ ನಾನು."

ಸಭೆ ನಕ್ಕಿತು. ಭಾವನ ದನಿ ಎಲ್ಲರದ್ದಕ್ಕಿಂತ ಮೇಲೆ ಬಂತು. "ಕೂತ್ಕೊಳ್ಳಪ್ಪ. ಮೊದಲು ವಿಜ್ಞಾನಿ ನೀನೇ ಆದೆ. ಈಗ ಪ್ರಾಣಿಯೂ ನೀನೇನಾ? ಬೇರೆಯವರಿಗೂ ಏನಾದ್ರೂ ಬಿಡು."

"ಅದು ಕಂಬಳಿ ಭಾವ. ಹಿಂದೆ ಇರೋದು ಚೀಲ. ಸಲೂನಿನ ಕೂದಲು ತುಂಬಿಕೊಂಡು ಹೋಗಿ ಗಿಡದ ಬುಡಕ್ಕೆ ಹಾಕಿದೀನಿ ಸಾರ್. ನೀರೂ ಜಾಸ್ತಿ ಹಾಕಿದೀನಿ."

"ನನ್ನ ಕೋಳಿ ತಿಂದಿದ್ದೂ ನೀನೇನಾ?" ಎಂದರು ಅಜ್ಜಿ. ಮೂಲೆಯಿಂದ ಯಾರೋ "ಕ್ಯಾಮೆರಾಕ್ಕೆ ಬಿದ್ದಿದೆ ಅಂದ ತಕ್ಷಣ ನಾನು ಅಂತಾನೆ ನೋಡು" ಎಂದರು. ಬೀದಿಗೆ ಬಹಳ ವರ್ಷಗಳ ಮೇಲೆ ಒಂದು ಒಳ್ಳೆಯ ಪ್ರಾಣಿ ಸಿಕ್ಕಿತ್ತು. ಒಬ್ಬ ಸಲೂನಿನವನ ಮಾತಿಗೆ ಅದನ್ನು ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ.

ಪ್ರೊಫೆಸರರು ಕೈ ಎತ್ತಿದರು. "ಬರೀ ಮಾತು ಸಾಲದು. ಸಾಕ್ಷಿ ಬೇಕು."

ಮೇಜಿನ ಮೇಲೆ ಮಣ್ಣಿನಿಂದ ತೆಗೆದ ಕೂದಲು ತುಂಬಿದ ಗಾಜಿನ ಬಾಟಲಿ ಇತ್ತು. ಯಜಮಾನರು ಅದರ ಹತ್ತಿರ ನಡೆದರು.

"ಇದರಲ್ಲಿರೋದೆಲ್ಲ ಇಲ್ಲಿ ಕೂತಿರೋರದ್ದೇ ಸಾರ್. ಯಾವುದು ಯಾರದ್ದು, ಹೇಗೆ ಆ ಬಣ್ಣ ಬಂತು, ಒಂದೊಂದಾಗಿ ಹೇಳ್ತೀನಿ."

ನಗು ನಿಂತಿತು. ಸಭಾಂಗಣದ ಬೇರೆ ಬೇರೆ ಕಡೆ ಕೆಲವು ಕೈಗಳು ತಮ್ಮಷ್ಟಕ್ಕೆ ತಲೆಯ ಮೇಲೆ ಹೋದವು. ಯಜಮಾನರು ಬಾಟಲಿಯಿಂದ ಒಂದು ಎಳೆ ಎತ್ತಿ, ಪರದೆಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿದರು.

"ಇದು ನೋಡಿ. ಒಂದು ತುದಿ ಕಾಡಿಗೆ ಕಪ್ಪು. ಇನ್ನೊಂದು ತುದಿಯ ಹತ್ತಿರ ಬಂದ್ರೆ—"

"ಸಾಕು" ಎಂದರು ಭಾವ. ಅವರು ಯಾವಾಗ ಎದ್ದು ನಿಂತಿದ್ದರೋ ಯಾರೂ ನೋಡಿರಲಿಲ್ಲ. "ಪ್ರಾಣಿ ಇವನೇ. ನಾನು ಗೋಡೆ ಮೇಲಿಂದ ಕಣ್ಣಾರೆ ನೋಡಿದೀನಿ. ದಿನಾ ನೋಡಿದೀನಿ."

ಬೇಕರಿಯವನಿಗೂ ಈಗ ನೆನಪಾಯಿತು. ಬೀದಿಗೆ ಕಾಗದ ತರುವ ಅಂಚೆಯಮ್ಮನಿಗೂ ನೆನಪಾಯಿತು. ಅಜ್ಜಿಯೊಬ್ಬರನ್ನು ಬಿಟ್ಟು ಇಡೀ ಸಭೆ ಯಜಮಾನರೇ ಪ್ರಾಣಿ ಎಂದು ಒಮ್ಮತದಿಂದ ಒಪ್ಪಿತು. ಅಜ್ಜಿಯ ಕೂದಲು ಪೂರ್ತಿ ಬೆಳ್ಳಗಿತ್ತು, ಅವರಿಗೆ ಯಾರ ಹೆದರಿಕೆಯೂ ಇರಲಿಲ್ಲ.

ಅಸಲು ಸಂಗತಿ ಏನೆಂದರೆ, ಯಜಮಾನರು ಕನ್ನಡಕವನ್ನು ಮನೆಯಲ್ಲೇ ಬಿಟ್ಟುಬಂದಿದ್ದರು. ಬೆರಳಲ್ಲಿ ಹಿಡಿದದ್ದು ಯಾರದ್ದೆಂದು ಅವರಿಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಗೊತ್ತಾದದ್ದು ಪಕ್ಕಕ್ಕೆ ಬಂದು ನಿಂತಿದ್ದ ಟೇಪು ಮೇಡಂಗೆ. ಅವರು ಆ ಎಳೆಯನ್ನು ಇಸಿದುಕೊಂಡು ಉಗುರಿನಿಂದ ಸೀಳಿ ನೋಡಿದರು. ಬಾಟಲಿಯನ್ನು ಮಗುಚಿ ಅಂಥವೇ ಇನ್ನಷ್ಟು ಹೆಕ್ಕಿದರು.

"ಸರ್, ಇವು ಕೂದಲೇ ಅಲ್ಲ. ಗೋಣಿ ನಾರು. ಇಷ್ಟು ದಿನ ಕೂದಲ ಜೊತೆ ಎಣಿಸಿಬಿಟ್ಟಿದ್ವಿ. ಯಾವ ಪ್ರಾಣಿಯೂ ಗೋಣಿಚೀಲ ಎಳ್ಕೊಂಡು ಬರಲ್ಲ."

ಪ್ರೊಫೆಸರರು ನಾರನ್ನು ನೋಡಿದರು, ಪರದೆಯ ಮೇಲಿನ ಬಾಲವನ್ನು ನೋಡಿದರು, ಕೊನೆಗೆ ಯಜಮಾನರನ್ನು ನೋಡಿದರು. "ಕಾರಣ ಸಿಕ್ತು" ಎಂದರು. ಹಕ್ಕಿ ಮೇಷ್ಟ್ರು ಮಾತ್ರ ಪರದೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಪ್ರೀತಿಯ ಯಾರನ್ನೋ ರೈಲು ಹತ್ತಿಸಿದವರ ಹಾಗೆ ದೀಪ ಹಾಕಿದರು.

ಮಾರನೆಯ ದಿನ ಟೇಪು ಮೇಡಂ ಹಿತ್ತಲಿಗೆ ಬಂದರು. ಯಜಮಾನರು ತಲೆ ತಗ್ಗಿಸಿ ನಿಂತಿದ್ದರು.

"ಮೊದಲು ಬೈದುಬಿಡಿ ತಾಯಿ. ಆಮೇಲೆ ಕೂತ್ಕೊಳ್ಳಿ."

"ಬೈಗುಳಕ್ಕೆ ಬೇರೆ ದಿನ ಇಟ್ಕೊಳ್ಳೋಣ. ಮೊದಲು ಹೇಳಿ. ಯಾವಾಗ ಶುರು ಮಾಡಿದ್ರಿ, ಒಂದು ಗಿಡಕ್ಕೆ ಎಷ್ಟು ಕೂದಲು?"

ಹೇಳಿ ಮುಗಿಯುವಷ್ಟರಲ್ಲಿ ಯಜಮಾನರ ಹೆಂಡತಿ ತಟ್ಟೆಯಲ್ಲಿ ಟೊಮೇಟೊ ಹೋಳುಮಾಡಿ ಉಪ್ಪು ಉದುರಿಸಿ ತಂದರು. ಲೆಕ್ಕದಿಂದ ಬಿಟ್ಟುಹೋದ ತಾಕಿನ ಹಣ್ಣನ್ನು ತಿನ್ನಲು ಯಾವ ನಿಯಮವೂ ಅಡ್ಡಬರುವುದಿಲ್ಲ ಎಂದು ಮೇಡಂ ವಿವರಿಸಿ, ಮೂರು ಹಣ್ಣು ತಿಂದರು.

ಕೆಲವು ತಿಂಗಳ ಮೇಲೆ ಅವರು ಮತ್ತೆ ಬಂದಾಗ ಡಾಕ್ಟರ್ ಆಗಿದ್ದರು. ಕಂಕುಳಲ್ಲಿ ದಪ್ಪ ಪ್ರಬಂಧ. ಏಳನೇ ತಾಕಿನ ಪುಟ ತೆರೆದು, ಸ್ವಲ್ಪ ಸಂಕೋಚದಿಂದ ಓದಿದರು: 'ಮಾಲೀಕರ ಹಸ್ತಕ್ಷೇಪದ ಕಾರಣ ಈ ತಾಕನ್ನು ಕೈಬಿಡಲಾಗಿದೆ.'

"ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ಬರೀಲೇಬೇಕಿತ್ತು."

ಯಜಮಾನರು ಪುಟವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ನನ್ನನ್ನ ಬಿಡೋದಕ್ಕೆ ಕಾರಣ ಎಲ್ಲ ಬಿಡಿಸಿ ಬರೀಬೇಕಾಯ್ತಾ?"

"ಹೌದು. ಕೂದಲು, ನೀರು, ಎಲ್ಲ. ಎರಡು ಪುಟ ಆಯ್ತು."

"ಎರಡು ಪುಟ." ಅವರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯೇನೇ? ನಿಮ್ಮಣ್ಣನ ಬಗ್ಗೆ ಎಷ್ಟು ಪುಟ ಇದೆ ಮೇಡಂ?"

ಮೇಡಂ ಯೋಚಿಸಿದರು. "ಅವರು ನಿಯಮದ ಪ್ರಕಾರ ಮಾಡಿದ್ರಲ್ಲ. ಕೋಷ್ಟಕದಲ್ಲಿ ಒಂದು ಅಂಕಿ ಇದೆ."

"ಸಣ್ಣಕ್ಷರದಲ್ಲಾ?"

"ಸಣ್ಣಕ್ಷರದಲ್ಲಿ."

"ರೀ, ಅಣ್ಣನಿಗೆ ಇದನ್ನೆಲ್ಲ ಹೇಳೋಕೆ ಹೋಗ್ಬೇಡಿ. ಸುಮ್ಮನೆ ಮನಸ್ಸು ನೊಂದ್ಕೊಳ್ತಾನೆ" ಎಂದು ಹೆಂಡತಿ ತಿರುಗಿ ನೋಡುವಷ್ಟರಲ್ಲಿ, ಪ್ರಬಂಧವನ್ನು ಎದೆಗೆ ಅವಚಿಕೊಂಡ ಯಜಮಾನರು ಗೋಡೆಯ ಹತ್ತಿರ ಕಲ್ಲೊಂದನ್ನು ಹತ್ತಿ, ಆಚೆಗೆ ಇಣುಕಿ, ಗಂಟಲು ಸರಿಮಾಡಿಕೊಳ್ಳುತ್ತಿದ್ದರು.